ವಿಸಿಲ್ ಯಾರ ಕೈಯಲ್ಲುಂಟು?

(ಉಡುಪಿಯ ಒಂದು ಕಾಲೇಜಿನಲ್ಲಿ ಡಿಗ್ರಿ ಮಕ್ಕಳಿಗೆ ಮತ್ತೆ ಅವರ ಪೇರೆಂಟ್ಸಿಗೆ ಮಾತಾಡಿದ್ದು. ರೆಕಾರ್ಡಿಂಗ್ ಕೇಳಿ ಬರ್ಕೊಂಡದ್ದು, ಹಾಗಾಗಿ ಮಾತಾಡಿದ ಹಾಗೇ ಉಂಟು, ಕೆಲವು ಕಡೆ ಎಳ್ದಿದೆ, ತಿದ್ಲಿಕ್ಕೆ ಹೋಗ್ಲಿಲ್ಲ.)

ಎಲ್ಲರಿಗೂ ನಮಸ್ಕಾರ. ನಂಗೆ ಕೊಟ್ಟ ಟಾಪಿಕ್ "ಮಹಿಳೆ ಮತ್ತು ಕ್ರೀಡೆ" ಅಂತ. ಈ ಟಾಪಿಕ್ ಕೊಟ್ರೆ ಸಾಮಾನ್ಯ ಎಂತ ಆಗ್ತದೆ ಅಂದ್ರೆ, ಬಂದವರು 1984ರ ಲಾಸ್ ಏಂಜಲೀಸ್‌ನಲ್ಲಿ ಪಿ.ಟಿ. ಉಷಾ ಸೆಕೆಂಡಿನ ನೂರರಲ್ಲಿ ಒಂದು ಭಾಗಕ್ಕೆ ಮೆಡಲ್ ತಪ್ಪಿಸ್ಕೊಂಡದ್ದರಿಂದ ಶುರು ಮಾಡಿ ಒಂದಿಷ್ಟು ಹೆಸರು ಹೇಳಿ ಚಪ್ಪಾಳೆ ಹೊಡೆಸಿ ಹೋಗ್ತಾರೆ. ನಮ್ಮ ಕರಾವಳಿಗೆ ಹೆಸರಿಗೇನೂ ಕಮ್ಮಿ ಇಲ್ಲ ನೋಡಿ. ಕಾರ್ಕಳ ಕಡೆಯ ಮಮತಾ ಪೂಜಾರಿ 2012ರಲ್ಲಿ ಕಬಡ್ಡಿ ವರ್ಲ್ಡ್ ಕಪ್ ಗೆದ್ದ ಟೀಮಿನ ಕ್ಯಾಪ್ಟನ್, 2014ರಲ್ಲಿ ಅರ್ಜುನ ಪ್ರಶಸ್ತಿ. ಸಹನಾ ಕುಮಾರಿ ಮಂಗಳೂರಿನವರು, 2012ರಲ್ಲಿ ಹೈಜಂಪ್‌ನಲ್ಲಿ 1.92 ಮೀಟರ್ ಹಾರಿ ನ್ಯಾಷನಲ್ ರೆಕಾರ್ಡ್ ಮಾಡಿ ಲಂಡನ್ ಒಲಿಂಪಿಕ್ಸಿಗೆ ಹೋದ್ರು. ಕುಂದಾಪುರ ತಾಲೂಕಿನ ಅಶ್ವಿನಿ ಅಕ್ಕುಂಜೆ 2010ರ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಚಿನ್ನ ತಂದವರು. ಪೂವಮ್ಮ ಅಂತೂ ಬೇಡ, ಮಂಗಳೂರಿನವರಿಗೆ ಅವರು ಮನೆ ಮಗಳು, 2014, 2018 ಎರಡೂ ಏಷ್ಯನ್ ಗೇಮ್ಸ್‌ನ ರಿಲೇ ಚಿನ್ನ.

ಚಪ್ಪಾಳೆ ಆಯ್ತಲ್ಲ, ಈಗ ಕೆಲಸದ ವಿಷಯಕ್ಕೆ ಬರುವ. ನಾನಿವತ್ತು ಆಡುವ ಹುಡುಗಿಯರ ಬಗ್ಗೆ ಮಾತಾಡ್ಲಿಕ್ಕೆ ಬಂದದ್ದಲ್ಲ. ಸ್ಪೋರ್ಟ್ಸನ್ನು ಓದುವ ಹುಡುಗಿಯರ ಬಗ್ಗೆ. ಬಿ.ಪಿ.ಎಡ್, ಎಂ.ಪಿ.ಎಡ್, ಅಂದ್ರೆ ಫಿಸಿಕಲ್ ಎಜುಕೇಷನಿನ ಡಿಗ್ರಿಗಳು, ಈಗೀಗ ಸ್ಪೋರ್ಟ್ಸ್ ಸೈನ್ಸ್, ಆಮೇಲೆ ಪಿಎಚ್‌ಡಿ ಮಾಡುವವರೂ ಇದ್ದಾರೆ. ಇವರ ಬಗ್ಗೆ ಯಾರೂ ಭಾಷಣ ಮಾಡುದಿಲ್ಲ ಯಾಕಂದ್ರೆ ಇವರಿಗೆ ಮೆಡಲ್ ಬರುದಿಲ್ಲ, ಫೋಟೋ ಬರುದಿಲ್ಲ, ಫ್ಲೆಕ್ಸ್ ಹಾಕುದಿಲ್ಲ. ಇಷ್ಟು ವರ್ಷ ಇದೇ ಫೀಲ್ಡಲ್ಲಿದ್ದು ನಂಗೆ ಅನ್ನಿಸಿದ್ದು ಒಂದೇ. ಓಡುವ ಹುಡುಗಿಯನ್ನು ನೋಡ್ಲಿಕ್ಕೆ ಜನ ಕಲ್ತಿದ್ದಾರೆ. ಓಡಿಸುವ ಹುಡುಗಿ, ಅಂದ್ರೆ ವಿಸಿಲ್ ಹಿಡ್ಕೊಂಡು ಮೈದಾನದ ಮಧ್ಯ ನಿಂತು "ಫೌಲ್, ಹೊರಗೆ ಹೋಗು" ಅಂತ ಹೇಳುವ ಹುಡುಗಿ ಬಂದ್ಲು ಅಂದ್ರೆ ಎಲ್ಲರಿಗೂ ಸ್ವಲ್ಪ ಇರಿಸುಮುರಿಸು. ಇದು ನಮ್ಮೂರಿನ ಕತೆ ಮಾತ್ರ ಅಲ್ಲ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಆಟಗಾರರಲ್ಲಿ ಹೆಂಗಸರು ಶೇ. 48ರ ಹತ್ತಿರ, ಕೋಚ್‌ಗಳಲ್ಲಿ ಶೇ. 13. ಆಡುವವರು ಹೆಚ್ಚುಕಮ್ಮಿ ಅರ್ಧಕ್ಕರ್ಧ ಆದ್ರು, ಕಲಿಸುವವರು ಎಲ್ಲಿ ಹೋದ್ರು?

ಹೆಚ್ಚಿನವರು ಹೋದದ್ದು ಓದುವಾಗಲೇ ಅಂತ ನನ್ನ ಅಂದಾಜು.

ಮೊದಲು ಈ ಕೋರ್ಸ್ ಎಂತ ಅಂತ ಹೇಳ್ತೇನೆ, ಯಾಕಂದ್ರೆ ಪೇರೆಂಟ್ಸ್ ಕೇಳುವ ಪ್ರಶ್ನೆ ಯಾವಾಗಲೂ ಒಂದೇ, "ಆಡ್ಲಿಕ್ಕೆ ಎಂತಕ್ಕೆ ಮೇಡಂ ಡಿಗ್ರಿ?" ನಾವು ಓದುವಾಗ ಬಿ.ಪಿ.ಎಡ್ ಒಂದೇ ವರ್ಷ. ಟೀಚರ್ ಕೋರ್ಸುಗಳಿಗೆ ಮಾನ್ಯತೆ ಕೊಡುವ ಎನ್‌ಸಿಟಿಇಯ 2014ರ ನಿಯಮ ಬಂದ ಮೇಲೆ ಎರಡು ವರ್ಷ ಆಯ್ತು. ಡಿಗ್ರಿ ಆಗಿರ್ಬೇಕು, ಆಟದ ಸರ್ಟಿಫಿಕೇಟ್ ಬೇಕು, ಫಿಟ್‌ನೆಸ್ ಟೆಸ್ಟ್ ಪಾಸಾಗ್ಬೇಕು. ಒಳಗೆ ಹೋದ್ರೆ ಅನಾಟಮಿ, ಫಿಸಿಯಾಲಜಿ, ಕಿನೀಸಿಯಾಲಜಿ, ಬಯೋಮೆಕ್ಯಾನಿಕ್ಸ್, ಟೆಸ್ಟ್ ಆಂಡ್ ಮೆಷರ್‌ಮೆಂಟ್. ಮೆಡಿಕಲ್ ಮಕ್ಕಳು ಓದುವಷ್ಟಲ್ಲ, ಆದ್ರೆ ಮಂಡೆ ಬಿಸಿ ಆಗುವಷ್ಟು ಉಂಟು. ಬೆಳಿಗ್ಗೆ ಸಂಜೆ ಗ್ರೌಂಡು. ಮತ್ತೆ ಟೀಚಿಂಗ್ ಪ್ರಾಕ್ಟೀಸ್, ಆಫಿಶಿಯೇಟಿಂಗ್, ಕ್ಯಾಂಪ್. ಬಿಸಿಲಲ್ಲಿ ಓಡಿ ಬಂದು ಬೆವರಲ್ಲೇ ಕೂತು ಮೊಣಕಾಲಿನ ಲಿಗಮೆಂಟ್ ಹೆಸರು ಬಾಯಿಪಾಠ ಮಾಡುವ ಕೋರ್ಸ್ ಇದು, ಉದಾಸೀನ ಮಾಡ್ಬೇಡಿ.

ಇದರಲ್ಲಿ ಟ್ರ್ಯಾಕ್ ಮಾರ್ಕಿಂಗ್ ಅಂತ ಒಂದುಂಟು. ಇದನ್ನು ಸ್ವಲ್ಪ ಬಿಡಿಸಿ ಹೇಳ್ತೇನೆ. ಸ್ಟ್ಯಾಂಡರ್ಡ್ 400 ಮೀಟರ್ ಟ್ರ್ಯಾಕ್ ಅಂದ್ರೆ ಎರಡು ನೆಟ್ಟಗಿನ ಬದಿ, ಒಂದೊಂದು 84.39 ಮೀಟರ್. ಎರಡು ತುದಿಗೆ ಅರ್ಧ ವೃತ್ತ, ಒಳಗಿನ ಕರ್ಬ್, ಅಂದ್ರೆ ಅಂಚಿನ ಕಟ್ಟೆವರೆಗೆ ರೇಡಿಯಸ್ 36.50. ಓಡುವವನು ಕರ್ಬ್ ಮೇಲೆ ಓಡುದಿಲ್ಲ ಅಲ್ವಾ, ಹಾಗಾಗಿ ಅಳತೆ ಅದರಿಂದ 30 ಸೆಂಟಿಮೀಟರ್ ಹೊರಗೆ, 36.80 ಅಂತ ಲೆಕ್ಕ. ಇದನ್ನು ಹಾಕಿ ಗುಣಿಸಿ ಕೂಡಿಸಿದ್ರೆ ಸರೀ 400. ಎರಡನೇ ಲೇನಿನವನು ಹೊರಗಿಂದ ಸುತ್ತು ಹಾಕ್ಬೇಕು, ಅವನಿಗೆ ಜಾಸ್ತಿ ದೂರ ಆಗ್ತದೆ, ಅದಕ್ಕೆ ಅವನನ್ನು 7 ಮೀಟರ್ 4 ಸೆಂಟಿಮೀಟರ್ ಮುಂದೆ ನಿಲ್ಲಿಸುದು. ಇದಕ್ಕೆ ಸ್ಟ್ಯಾಗರ್ ಅಂತ ಹೇಳುದು. ನಿಮಗೆ ಟಿವಿಯಲ್ಲಿ ಓಟಗಾರರು ಹಿಂದೆ ಮುಂದೆ ನಿಂತದ್ದು ಕಾಣ್ತದಲ್ಲ, ಅದೇ.

ಈಗ ಮೈದಾನದಲ್ಲಿ ಇದನ್ನು ಹಾಕುದು ಹೇಗೆ? ಅರ್ಧ ವೃತ್ತದ ಸೆಂಟರಿಗೆ ಒಂದು ಗೂಟ ಹೊಡೀಬೇಕು, ಒಬ್ರು ಟೇಪಿನ ಸೊನ್ನೆಯನ್ನು ಆ ಗೂಟಕ್ಕೆ ಒತ್ತಿ ಹಿಡ್ಕೊಂಡು ಕೂತ್ಕೊಳ್ಬೇಕು, ಇನ್ನೊಬ್ರು ಆಚೆ ತುದಿಯಲ್ಲಿ ಟೇಪ್ ಬಿಗಿಯಾಗಿ ಎಳ್ದು ಸುತ್ತಿ ಗುರುತು ಹಾಕ್ತಾ ಬರ್ಬೇಕು, ಹಿಂದಿನಿಂದ ಸುಣ್ಣದ ಪುಡಿ ಹಾಕುವವರು. ಇನ್ನೊಬ್ರು ಅಳತೆ ಬರ್ಕೊಳ್ತಾರೆ. ನಾನು ಎಷ್ಟೋ ಕಾಲೇಜಿಗೆ ಎಕ್ಸಾಮಿನರ್ ಆಗಿ ಹೋದವಳು, ಹೋದಲ್ಲೆಲ್ಲ ಕಂಡದ್ದು ಒಂದೇ, ಗೂಟದ ಹತ್ತಿರ ಸೊನ್ನೆ ಹಿಡ್ಕೊಂಡು ಕೂತದ್ದು ಹುಡುಗಿ. ಪುಸ್ತಕದಲ್ಲಿ ಬರ್ಕೊಳ್ಳುದು ಇನ್ನೊಬ್ಳು ಹುಡುಗಿ, ಯಾಕಂದ್ರೆ ಅಕ್ಷರ ಚಂದ. ಎಳ್ಕೊಂಡು ಸುತ್ತು ಬರುದು, ಲೆಕ್ಕ ಹಾಕುದು, "ಅಲ್ಲಿ ಅಲ್ಲ, ಇಲ್ಲಿ ಹಾಕು" ಅಂತ ಬೊಬ್ಬೆ ಹೊಡಿಯುದು ಎಲ್ಲ ಹುಡುಗರು. ಯಾರೂ ಬೇಕಂತ ಮಾಡಿದ್ದಲ್ಲ. "ಬಿಸಿಲುಂಟು, ನೀನು ಕೂತ್ಕೋ ಮಾರಾಯ್ತಿ" ಅಂತ ಪ್ರೀತಿಯಲ್ಲೇ ಹೇಳಿರ್ತಾರೆ. ಆಮೇಲೆ ವೈವಾದಲ್ಲಿ ಕೇಳಿದ್ರೆ ಹುಡುಗರು ಪಟಪಟ ಹೇಳ್ತಾರೆ, ಇವಳು ಸ್ಟ್ಯಾಗರ್ ಡೆಫಿನಿಷನ್ ಹೇಳ್ತಾಳೆ, ಎರಡನೇ ಲೇನಿನ ಸ್ಟ್ಯಾಗರ್ ಎಲ್ಲಿ ಬೀಳ್ತದೆ ಅಂತ ಮೈದಾನದಲ್ಲಿ ತೋರ್ಸು ಅಂದ್ರೆ ತೋರ್ಸ್ಲಿಕ್ಕೆ ಆಗುದಿಲ್ಲ. ಕಲೀಲಿಲ್ಲ ಅಂತಲ್ಲ, ಕಾಲಿಗೆ ಗೊತ್ತಿಲ್ಲ. ಎರಡು ವರ್ಷ ಒಂದೇ ಕ್ಲಾಸಲ್ಲಿ, ಒಂದೇ ಸಿಲೆಬಸ್, ಒಂದೇ ಫೀಸು, ಹೊರಗೆ ಬರುವಾಗ ಇಬ್ಬರ ಕೈಯಲ್ಲಿರುವ ವಿದ್ಯೆ ಬೇರೆ ಬೇರೆ. ಲೆಕ್ಚರರ್‌ಗಳು ಇಲ್ಲಿದ್ರೆ ಹೇಳ್ತೇನೆ, ಪಾಳಿ ಮಾಡಿ ಮಾರಾಯ್ರೆ. ಇವತ್ತು ಸೊನ್ನೆ ಹಿಡಿದವರು ನಾಳೆ ಟೇಪ್ ಎಳೀಬೇಕು. ಇದಕ್ಕೆ ಗ್ರಾಂಟ್ ಬೇಡ, ಸರ್ಕ್ಯುಲರ್ ಬೇಡ.

ಇನ್ನೊಂದು, ಸ್ವರ. ಇದು ಹೊರಗಿನವರಿಗೆ ಗೊತ್ತೇ ಇಲ್ಲ. ಟೀಚಿಂಗ್ ಪ್ರಾಕ್ಟೀಸ್‌ನಲ್ಲಿ ಶಾಲೆಗೆ ಹೋಗಿ ಲೆಸನ್ ಕೊಡ್ಲಿಕ್ಕುಂಟು, ಜನರಲ್ ಲೆಸನ್, ಪರ್ಟಿಕ್ಯುಲರ್ ಲೆಸನ್ ಅಂತ. ಮಕ್ಕಳನ್ನು ಸಾಲಲ್ಲಿ ನಿಲ್ಲಿಸಿ "ಸಾವಧಾನ್, ವಿಶ್ರಾಮ್, ದಾಹಿನೆ ಮುಡ್" ಅಂತ ಕಮಾಂಡ್ ಕೊಡ್ಬೇಕು. ಕಮಾಂಡಿನಲ್ಲಿ ಎರಡು ತುಂಡು. "ದಾಹಿನೆ" ಅಂತ ಎಳ್ದು ಹೇಳುದು ಎಚ್ಚರಿಸ್ಲಿಕ್ಕೆ, ಸ್ವಲ್ಪ ಗ್ಯಾಪ್ ಬಿಟ್ಟು "ಮುಡ್" ಅಂತ ಕಡಿದ ಹಾಗೆ ಹೇಳುದು ಮಾಡಿಸ್ಲಿಕ್ಕೆ. ಆ ಗ್ಯಾಪ್ ಸರಿ ಬರದಿದ್ರೆ ಅರ್ಧ ಮಕ್ಕಳು ತಿರುಗ್ತಾರೆ, ಅರ್ಧ ಮಕ್ಕಳು ನಗ್ತಾರೆ. ಈಗ ಯೋಚನೆ ಮಾಡಿ, ಹುಟ್ಟಿದ ಲಾಗಾಯ್ತು "ಹೆಣ್ಮಕ್ಕಳು ಮೆಲ್ಲ ಮಾತಾಡ್ಬೇಕು, ಸ್ವರ ಆಚೆ ಮನೆಗೆ ಕೇಳ್ಬಾರದು" ಅಂತ ಹೇಳಿ ಬೆಳ್ಸಿದ ಮಗುವನ್ನು ಇಪ್ಪತ್ತೊಂದನೇ ವಯಸ್ಸಲ್ಲಿ ಎಂಬತ್ತು ಮಕ್ಕಳ ಎದುರು ನಿಲ್ಲಿಸಿ ಬೊಬ್ಬೆ ಹೊಡಿ ಅಂದ್ರೆ ಎಲ್ಲಿಂದ ಬರ್ಬೇಕು ಸ್ವರ? ಮೊದಲ ದಿನ ಕೀಚಲು ಬರ್ತದೆ. ಹೈಸ್ಕೂಲ್ ಹುಡುಗರು ಹಿಂದಿನ ಸಾಲಲ್ಲಿ ಅದೇ ಸ್ವರ ತೆಗ್ದು ಅಣಕಿಸ್ತಾರೆ. ಅವತ್ತು ಸಂಜೆ ಕೆಲವರು ಅತ್ತದ್ದು ನೋಡಿದ್ದೇನೆ, ಒಬ್ಳಂತೂ ಕೋರ್ಸೇ ಬಿಡ್ತೇನೆ ಅಂತ ಬ್ಯಾಗ್ ಕಟ್ಟಿದ್ಲು.

ಆದ್ರೆ ಇದು ಹುಟ್ಟಿನಿಂದ ಬರುದಲ್ಲ, ಟೆಕ್ನಿಕ್ ಅಷ್ಟೇ. ಗಂಟಲಿಂದ ಹೇಳಿದ್ರೆ ಎರಡೇ ದಿನಕ್ಕೆ ಗಂಟಲು ಕಟ್ಟಿತು, ಹೊಟ್ಟೆಯಿಂದ ಉಸಿರು ಎಳ್ದು ಹೇಳ್ಬೇಕು. ಗಾಳಿ ನಮ್ಮ ಬೆನ್ನಿಗಿರ್ಬೇಕು, ಸ್ವರ ಮಕ್ಕಳ ಕಡೆ ಹೋಗ್ತದೆ. ಸೂರ್ಯ ನಮ್ಮ ಮುಖಕ್ಕಿರ್ಬೇಕು, ಮಕ್ಕಳ ಕಣ್ಣಿಗಲ್ಲ, ಇಲ್ಲದಿದ್ರೆ ಅವರು ಕಣ್ಣು ಮುಚ್ಕೊಂಡು ನಮ್ಮನ್ನು ನೋಡುದೇ ಇಲ್ಲ. ಯಕ್ಷಗಾನದ ಮೇಳದ ಊರು ನಮ್ಮದು, ಮೈಕ್ ಇಲ್ಲದ ಕಾಲದಲ್ಲಿ ಬಯಲಲ್ಲಿ ಕೊನೇ ಸಾಲಿಗೆ ಕೇಳುವ ಹಾಗೆ ಮಾತಾಡುದು ಹೇಗೆ ಅಂತ ನಮಗೆ ಯಾರೂ ಕಲಿಸ್ಬೇಕಾ? ಸ್ವಲ್ಪ ದಿನ ಬೆಳಿಗ್ಗೆ ಖಾಲಿ ಮೈದಾನದಲ್ಲಿ ಇಬ್ಬಿಬ್ರು ಹುಡುಗಿಯರನ್ನು ಈಚೆ ಗೋಲ್ ಪೋಸ್ಟಿಗೊಬ್ಳು ಆಚೆ ಗೋಲ್ ಪೋಸ್ಟಿಗೊಬ್ಳು ನಿಲ್ಲಿಸಿ ಕಮಾಂಡ್ ಹೇಳಿಸಿದ್ರೆ ಸಾಕು. ಬ್ಯಾಗ್ ಕಟ್ಟಿದವಳು ಈಗ ಒಂದು ಹೈಸ್ಕೂಲಲ್ಲಿ ಪಿಟಿ ಟೀಚರ್, ಅವಳ ಅಸೆಂಬ್ಲಿ ಸ್ವರ ಬಸ್ ಸ್ಟ್ಯಾಂಡಿಗೆ ಕೇಳ್ತದಂತೆ.

ಬಸ್ ಸ್ಟ್ಯಾಂಡ್ ಅಂದಾಗ ನೆನಪಾಯ್ತು. ಗ್ರೌಂಡ್ ಕ್ಲಾಸ್ ಬೆಳಿಗ್ಗೆ ಆರು, ಆರೂವರೆಗೆ. ಕೊಣಾಜೆಗೆ, ಮೂಡುಬಿದಿರೆಗೆ ಹಳ್ಳಿಯಿಂದ ಬರುವ ಹುಡುಗಿ ಮೊದಲ ಬಸ್ ಹಿಡೀಬೇಕಾದ್ರೆ ನಾಲ್ಕೂವರೆಗೆ ಏಳ್ಬೇಕು. 2023ರ ಜೂನಿನಿಂದ ಶಕ್ತಿ ಯೋಜನೆ ಬಂತು, ಹೆಂಗಸರಿಗೆ ಬಸ್ ಫ್ರೀ, ಘಟ್ಟದ ಮೇಲಿನವರಿಗೆ ದೊಡ್ಡ ಉಪಕಾರ. ನಮ್ಮಲ್ಲಿ ಓಡುದು ಹೆಚ್ಚಿನದ್ದು ಪ್ರೈವೇಟ್ ಬಸ್. ಫ್ರೀ ಇರುದು ಸರ್ಕಾರಿ ಬಸ್ಸಿಗೆ. ಹಾಗಾಗಿ ನಮ್ಮ ಎಷ್ಟೋ ಮಕ್ಕಳು ಈಗಲೂ ದುಡ್ಡು ಕೊಟ್ಟೇ ನೇತಾಡ್ಕೊಂಡು ಬರುದು, ಅಮ್ಮ ಬೀಡಿ ಕಟ್ಟಿದ ದುಡ್ಡು ಅದು ಕೆಲವರಿಗೆ. ಹಾಸ್ಟೆಲ್ ಸಿಕ್ಕಿದವರು ಬಚಾವ್. ಅಲ್ಲೂ ಒಂದು ಪಜೀತಿ, ಸಂಜೆ ಗೇಟ್ ಟೈಮು ಅಂತ ಉಂಟಲ್ಲ, ಹುಡುಗರ ಪ್ರಾಕ್ಟೀಸ್ ಏಳೂವರೆವರೆಗೆ ನಡೀತದೆ, ಹುಡುಗಿಯರು ಆರೂ ಕಾಲಿಗೇ ಶೂ ಬಿಚ್ಚಿ ಓಡ್ಬೇಕು. ಮೇಡಂ, ಸೇಫ್ಟಿ ಬೇಡ್ವಾ ಅಂತ ಕೇಳ್ತಾರೆ. ಬೇಕು. ಆದ್ರೆ ಮೈದಾನಕ್ಕೆ ಲೈಟ್ ಹಾಕುದು ಸಹ ಸೇಫ್ಟಿಯೇ ಅಲ್ವಾ, ಅದು ಯಾಕೆ ಯಾರಿಗೂ ಮೊದಲು ನೆನಪಾಗುದಿಲ್ಲ?

ಈಗ ಟಾಯ್ಲೆಟ್ ವಿಷಯ. ಇಲ್ಲಿ ಗಂಡಸರು ಸ್ವಲ್ಪ ಮುಜುಗರ ಮಾಡ್ಕೊಳ್ಳದೆ ಕೇಳಿ. ಎಷ್ಟೋ ಮೈದಾನಗಳ ಹತ್ತಿರ ಹೆಂಗಸರಿಗೆ ಸರಿಯಾದ ಟಾಯ್ಲೆಟ್ ಇಲ್ಲ, ಇದ್ರೂ ಬೀಗ, ಬೀಗದ ಕೀ ಆಫೀಸಿನಲ್ಲಿ, ಆಫೀಸು ತೆರೆಯುದು ಹತ್ತು ಗಂಟೆಗೆ. ಹುಡುಗಿ ಎಂತ ಮಾಡ್ತಾಳೆ? ಬೆಳಿಗ್ಗೆ ನೀರೇ ಕುಡಿಯುದಿಲ್ಲ. ನಮ್ಮ ಕರಾವಳಿ ಸೆಕೆ ನಿಮಗೆ ಗೊತ್ತುಂಟು. ಗಾಳಿಯಲ್ಲೇ ನೀರಿರ್ತದೆ, ಬೆವರು ಹರೀತದೆ ಹೊರತು ಆರುದಿಲ್ಲ, ಬೆವರು ಆರಿದ್ರೆ ಮಾತ್ರ ಮೈ ತಣಿಯುದು. ಹಾಗಾಗಿ ಬಳ್ಳಾರಿಯಲ್ಲಿ ನಲ್ವತ್ತು ಡಿಗ್ರಿಗೆ ಓಡಿದವರೂ ಇಲ್ಲಿ ಮೂವತ್ಮೂರಕ್ಕೆ ಕುಸೀತಾರೆ. ಇದರಲ್ಲಿ ನೀರೂ ಕುಡಿಯದಿದ್ರೆ ತಲೆ ತಿರುಗುದು, ಸ್ನಾಯು ಹಿಡಿಯುದು, ಉರಿಮೂತ್ರ, ಎಲ್ಲ ಒಟ್ಟಿಗೇ ಬರ್ತದೆ. ಫಿಸಿಯಾಲಜಿ ಕ್ಲಾಸಲ್ಲಿ ಡಿಹೈಡ್ರೇಷನ್ ಪಾಠ ಮಾಡಿ ಅದೇ ಮಕ್ಕಳನ್ನು ನೀರಿಲ್ಲದೆ ಓಡಿಸುದು, ಎಂತ ಚಂದ!

ಮುಟ್ಟಿನ ವಿಷಯವೂ ಹಾಗೇ. ಪ್ರಾಕ್ಟಿಕಲ್ ಎಕ್ಸಾಮ್ ದಿನವೇ ಹೊಟ್ಟೆನೋವು ಬಂದ್ರೆ ಹೇಳುದು ಯಾರ ಹತ್ತಿರ, ಡಿಪಾರ್ಟ್‌ಮೆಂಟಲ್ಲಿ ಇರುವವರೆಲ್ಲ ಸರ್‌ಗಳು. ಮಾತ್ರೆ ನುಂಗಿ ಲಾಂಗ್ ಜಂಪ್ ಹಾರುದು. ಇನ್ನೊಂದು ಕಡೆ, ಕೆಲವರಿಗೆ ಟ್ರೈನಿಂಗ್ ಜೋರಾಗಿ ತಿಂಗಳುಗಟ್ಟಲೆ ಮುಟ್ಟು ನಿಲ್ತದೆ, ಒಳ್ಳೇದೇ ಆಯ್ತು ಕಿರಿಕಿರಿ ಇಲ್ಲ, ಫಿಟ್ ಆದೆ ಅಂತ ಖುಷಿ ಪಡುವವರಿದ್ದಾರೆ. ಮಕ್ಕಳೇ, ಅದು ಫಿಟ್ ಆದದ್ದಲ್ಲ. ಮಾಡುವ ಕೆಲಸಕ್ಕೆ ತಕ್ಕ ಊಟ ಹೋಗದಿದ್ರೆ ದೇಹ ಒಂದೊಂದೇ ಇಲಾಖೆ ಬಂದ್ ಮಾಡ್ತಾ ಬರ್ತದೆ, ಮೊದಲು ಮುಟ್ಟು, ಆಮೇಲೆ ಮೂಳೆಯ ಗಟ್ಟಿತನ. ಇದಕ್ಕೆ ರೆಡ್-ಎಸ್ ಅಂತ ಹೆಸರಿಟ್ಟು ಇಂಟರ್‌ನ್ಯಾಷನಲ್ ಒಲಿಂಪಿಕ್ ಕಮಿಟಿ 2014ರಲ್ಲಿ ಎಚ್ಚರಿಕೆ ಕೊಟ್ಟಿದೆ, ಗಂಡಸರಿಗೂ ಬರ್ತದೆ ಅಂತಲೂ ಹೇಳಿದೆ. ಕಾಲಿನ ಮೂಳೆಯಲ್ಲಿ ಸಣ್ಣ ಬಿರುಕು ಬಂದ ಮೇಲೆ ಡಾಕ್ಟರ ಹತ್ತಿರ ಹೋಗುದಕ್ಕಿಂತ ಮೂರು ತಿಂಗಳು ಮುಟ್ಟು ಬರದಾಗಲೇ ಹೋಗಿ.

ಊಟ ಅಂದ್ರೆ ಪ್ರೋಟೀನ್ ಪೌಡರ್ ಡಬ್ಬಿ ಅಲ್ಲ ಮತ್ತೆ. ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57ರಷ್ಟು ಜನರಿಗೆ ರಕ್ತಹೀನತೆ ಅಂತ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳ್ತದೆ. ರಕ್ತದಲ್ಲಿ ಕಬ್ಬಿಣ ಇಲ್ಲದೆ 800 ಮೀಟರ್ ಓಡು ಅಂದ್ರೆ ಎಲ್ಲಿ ಓಡ್ತಾಳೆ, "ಉದಾಸೀನ ಮಾಡ್ತಾಳೆ" ಅಂತ ಸರ್ ಬೈತಾರೆ. ಮೀನು ತಿನ್ನುವವರಿಗೆ ಬೂತಾಯಿ, ಬಂಗುಡೆ ಉಂಟು. ತಿನ್ನದವರಿಗೆ ಹೆಸರುಕಾಳು, ಹುರುಳಿ, ಬಸಳೆ, ಅದರ ಮೇಲೆ ಲಿಂಬೆ ಹಿಂಡ್ಕೊಳ್ಳಿ, ಕಬ್ಬಿಣ ಚೆನ್ನಾಗಿ ಹೀರ್ತದೆ. ಊಟ ಆದ ಕೂಡ್ಲೇ ಚಾ ಕುಡಿಬೇಡಿ, ಅದು ಕಬ್ಬಿಣ ಹೀರ್ಲಿಕ್ಕೆ ಬಿಡುದಿಲ್ಲ. ವರ್ಷಕ್ಕೊಮ್ಮೆ ಹಿಮೋಗ್ಲೋಬಿನ್ ಟೆಸ್ಟ್ ಮಾಡ್ಸಿ. ಇಷ್ಟು ಡಿಪಾರ್ಟ್‌ಮೆಂಟಿನವರೇ ಅಡ್ಮಿಷನ್ ದಿನ ಮಾಡ್ಸಿದ್ರೆ ಎಷ್ಟು ಒಳ್ಳೇದಿತ್ತು.

ಮೊಣಕಾಲಿನ ಎಸಿಎಲ್ ಅಂತ ಲಿಗಮೆಂಟ್ ಉಂಟು, ಹಾರಿ ಇಳಿಯುವ, ಗಕ್ಕನೆ ತಿರುಗುವ ಆಟಗಳಲ್ಲಿ ಅದು ಹರಿಯುದು ಹುಡುಗರಿಗಿಂತ ಹುಡುಗಿಯರಿಗೆ ಜಾಸ್ತಿ. ಅದನ್ನು ಕಮ್ಮಿ ಮಾಡ್ಲಿಕ್ಕೆ ಫಿಫಾ 11+ ಅಂತ ಒಂದು ವಾರ್ಮ್‌ಅಪ್ ಉಂಟು, ಇಪ್ಪತ್ತು ನಿಮಿಷದ್ದು, ದುಡ್ಡಿಲ್ಲ, ಸಾಮಾನು ಬೇಡ. ನಮ್ಮಲ್ಲಿ ವಾರ್ಮ್‌ಅಪ್ ಅಂದ್ರೆ ಈಗಲೂ "ಎರಡು ರೌಂಡ್ ಓಡಿ ಬನ್ನಿ." ಪುಸ್ತಕದ ಕತೆಯೂ ಹೀಗೇ. ಸ್ಪೋರ್ಟ್ಸ್ ಸೈನ್ಸಿನ ಸಾವಿರಾರು ಪೇಪರ್‌ಗಳನ್ನು ಲೆಕ್ಕ ಹಾಕಿ 2021ರಲ್ಲಿ ಒಂದು ಸ್ಟಡಿ ಬಂತು, ಬರೀ ಹೆಂಗಸರ ಮೇಲೆ ಮಾಡಿದ ರಿಸರ್ಚ್ ಶೇ. 6 ಮಾತ್ರ ಅಂತ. ಹುಡುಗಿ ತನ್ನ ದೇಹದ ಬಗ್ಗೆ ಓದ್ತೇನೆ ಅಂತ ತೆರೆದ ಪುಸ್ತಕದಲ್ಲಿ ಇರುದು ಗಂಡಸಿನ ದೇಹದ ನಂಬರು. ಎಂ.ಪಿ.ಎಡ್ ಡಿಸರ್ಟೇಷನ್‌ಗೆ ಟಾಪಿಕ್ ಸಿಗುದಿಲ್ಲ ಅಂತ ಅಳುವವರು ಇದನ್ನು ಕೇಳಿಸ್ಕೊಳ್ಳಿ, ಕರಾವಳಿ ಸೆಕೆಯಲ್ಲಿ ಓಡುವ ಹುಡುಗಿಯರ ಮೇಲೆ ಮಾಡುದಾದ್ರೆ ಮಾಡಿ ಮುಗಿಯದಷ್ಟು ಉಂಟು.

ಹೆಂಗಸಿನ ದೇಹಕ್ಕೆ ಆಗುದಿಲ್ಲ ಅಂತ ಹೇಳುದು ಇವತ್ತಿನದ್ದಲ್ಲ. 1928ರ ಆಮ್‌ಸ್ಟರ್‌ಡಾಮ್ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಹೆಂಗಸರಿಗೆ 800 ಮೀಟರ್ ಇಟ್ರು. ಜರ್ಮನಿಯ ಲೀನಾ ರಾಡ್ಕೆ 2 ನಿಮಿಷ 16.8 ಸೆಕೆಂಡಲ್ಲಿ ಗೆದ್ದಳು. ಓಟ ಮುಗಿಸಿ ಸುಸ್ತಾದವರನ್ನು ನೋಡಿ ಪೇಪರಿನವರು ಎಲ್ಲ ಸತ್ತೇ ಹೋದ್ರು ಎನ್ನುವ ಹಾಗೆ ಬರೆದ್ರು, ಓಟ ತೆಗ್ದೇ ಹಾಕಿದ್ರು, ಮತ್ತೆ ಇಟ್ಟದ್ದು 1960ರಲ್ಲಿ. ಗಂಡಸರು 800 ಓಡಿ ಬಿದ್ದು ಹೊರಳಾಡಿದ್ರೆ ಅದು ಹೋರಾಟ! ನಮ್ಮ ಮನೆಗಳಲ್ಲೂ ಆಗುದು ಇದೇ. ಮಗ ಮೊಣಕಾಲು ಒಡ್ಕೊಂಡು ಬಂದ್ರೆ "ಗಂಡು ಹುಡುಗ, ಆಡ್ಲಿ." ಮಗಳು ಬಂದ್ರೆ "ನಾಳೆ ಯಾರು ಮದುವೆ ಆಗ್ತಾರೆ, ಬಿಸಿಲಿಗೆ ಕಪ್ಪು ಬೇರೆ ಆಗಿದ್ದಾಳೆ." ಅಳಿಯಸಂತಾನದ ಜಿಲ್ಲೆ ನಮ್ಮದು, ಹೆಣ್ಣಿಗೆ ಆಸ್ತಿ ಕೊಟ್ಟ ಊರು ಅಂತ ವೇದಿಕೆ ಸಿಕ್ಕಿದಲ್ಲೆಲ್ಲ ಹೇಳ್ತೇವೆ, ಟ್ರ್ಯಾಕ್ ಪ್ಯಾಂಟ್ ಹಾಕ್ಲಿಕ್ಕೆ ಮಾತ್ರ ಮಾವನ ಪರ್ಮಿಷನ್ ಬೇಕು.

ಬಟ್ಟೆ ವಿಷಯ ಒಂದೇ ಮಾತು. ಹುಡುಗಿಯರಿಗೆ ಸರಿಯಾದ ಸ್ಪೋರ್ಟ್ಸ್ ಬ್ರಾ ತೆಗ್ಸಿಕೊಡಿ, ಅಮ್ಮಂದಿರಿಗೆ ಹೇಳುದು, ಶೂಗೆ ಕೊಡುವಷ್ಟೇ ಬೆಲೆ ಅದಕ್ಕೂ ಕೊಡಿ, ಅದಿಲ್ಲದೆ ಬೆನ್ನು ಬಗ್ಗಿಸಿ ಓಡ್ತಾರೆ ಪಾಪ. ತಲೆಗೆ ಬಟ್ಟೆ ಹಾಕಿ ಆಡ್ತೇನೆ ಅನ್ನುವವಳಿಗೆ ಫುಟ್‌ಬಾಲಲ್ಲಿ 2014ರಿಂದ, ಬಾಸ್ಕೆಟ್‌ಬಾಲಲ್ಲಿ 2017ರಿಂದ ಇಂಟರ್‌ನ್ಯಾಷನಲ್ ರೂಲಲ್ಲೇ ಅವಕಾಶ ಉಂಟು, ಗೊತ್ತಿಲ್ಲದೆ ಮಕ್ಕಳನ್ನು ಬೆಂಚಲ್ಲಿ ಕೂರ್ಸ್ಬೇಡಿ.

ಇನ್ನು ಹೇಳ್ಲಿಕ್ಕೆ ಕಷ್ಟ ಆಗುವ ವಿಷಯ. ಸ್ಪೋರ್ಟ್ಸಲ್ಲಿ ಕೈ ಮುಟ್ಟದೆ ಕಲಿಸ್ಲಿಕ್ಕೆ ಆಗುದಿಲ್ಲ. ಜಿಮ್ನಾಸ್ಟಿಕ್ಸ್‌ಗೆ ಸಪೋರ್ಟ್ ಕೊಡ್ಬೇಕು, ಜಾವೆಲಿನ್ ಹಿಡಿಯುವ ಕೈ ತಿದ್ಬೇಕು. ಟೀಮಲ್ಲಿ ಯಾರು ಅಂತ ನಿರ್ಧಾರ ಮಾಡುದು ಅದೇ ಮನುಷ್ಯ, ಇಂಟರ್ನಲ್ ಮಾರ್ಕ್ಸ್ ಕೊಡುದು ಅದೇ ಮನುಷ್ಯ, ಟೂರಿಗೆ ಕರ್ಕೊಂಡು ಹೋಗುದೂ ಅವನೇ. ಒಬ್ಬನ ಕೈಯಲ್ಲಿ ಇಷ್ಟು ಇದ್ರೆ ಅವನು ದೇವರಂಥವನಾದ್ರೂ ವ್ಯವಸ್ಥೆ ಸರಿ ಇಲ್ಲ ಅಂತಲೇ ಅರ್ಥ. 2023ರಲ್ಲಿ ದೇಶಕ್ಕೆ ಮೆಡಲ್ ತಂದ ಕುಸ್ತಿ ಹುಡುಗಿಯರೇ ಲೈಂಗಿಕ ಕಿರುಕುಳದ ದೂರು ಹಿಡ್ಕೊಂಡು ದೆಹಲಿಯ ಜಂತರ್ ಮಂತರ್‌ನಲ್ಲಿ ಕೂತದ್ದು ನೋಡಿದ್ದೇವೆ, ವಿನೇಶ್, ಸಾಕ್ಷಿ ಅಂಥವರಿಗೇ ಹಾಗಾದ್ರೆ ಬಿ.ಪಿ.ಎಡ್ ಫಸ್ಟ್ ಸೆಮ್ ಹುಡುಗಿ ಎಲ್ಲಿ ಬಾಯಿ ಬಿಡ್ತಾಳೆ. ಆದ್ರೂ ಗೊತ್ತಿರ್ಲಿ, ಇಂಥ ಕಿರುಕುಳ ತಡೀಲಿಕ್ಕೆ 2013ರ ಕಾನೂನು ಉಂಟು, ಯುಜಿಸಿಯ 2015ರ ನಿಯಮ ಉಂಟು, ಪ್ರತಿ ಕಾಲೇಜಿನಲ್ಲೂ ಆಂತರಿಕ ದೂರು ಸಮಿತಿ ಇರ್ಬೇಕು, ಅಧ್ಯಕ್ಷೆ ಸೀನಿಯರ್ ಹೆಂಗಸೇ ಆಗಿರ್ಬೇಕು, ಮಕ್ಕಳ ಪ್ರತಿನಿಧಿಗಳೂ ಇರ್ಬೇಕು. ಸಾಮಾನ್ಯವಾಗಿ ಮೂರು ತಿಂಗಳ ಒಳಗೆ ಬರವಣಿಗೆಯಲ್ಲಿ ದೂರು ಕೊಡ್ಬೇಕು, ತನಿಖೆಗೆ 90 ದಿನ. ಸಮಿತಿಯವರ ಹೆಸರು, ನಂಬರು ನೋಟಿಸ್ ಬೋರ್ಡಲ್ಲಿ ಉಂಟಾ ಅಂತ ನಾಳೆಯೇ ನೋಡಿ. ಮುಟ್ಟುವ ಮೊದಲು "ಇಲ್ಲಿ ಹಿಡೀತೇನೆ, ಆಗ್ಬಹುದಾ" ಅಂತ ಕೇಳುದನ್ನು ನಾನು ನನ್ನ ಸ್ಟೂಡೆಂಟ್ಸಿಗೆ, ಹುಡುಗ ಹುಡುಗಿ ಎಲ್ಲರಿಗೂ, ಲೆಸನ್ ಪ್ಲಾನಲ್ಲೇ ಬರೆಸ್ತೇನೆ.

ಕೋರ್ಸ್ ಮುಗೀತು ಅಂತಿಟ್ಕೊಳ್ಳಿ. ಕೆಲಸ. ಪ್ರೈವೇಟ್ ಶಾಲೆಗಳ ಜಾಹೀರಾತು ನೋಡಿ, "ಲೇಡಿ ಪಿಟಿ ಬೇಕು." ಖುಷಿಯಾಗ್ತದೆ. ಹೋಗಿ ನೋಡಿದ್ರೆ ಅಲ್ಲಿ ಈಗಾಗಲೇ ಒಬ್ರು ಸರ್ ಇದ್ದಾರೆ, ಟೀಮ್ ಅವರದ್ದು, ಗ್ರೌಂಡ್ ಅವರದ್ದು. ಇವಳು ಯಾಕೆ? ಹುಡುಗಿಯರ ಟೀಮಿನ ಜೊತೆ ಹೋಗ್ಲಿಕ್ಕೆ ಒಬ್ರು ಹೆಂಗಸು ಬೇಕು, ಅದಕ್ಕೆ. ರೂಮ್ ಕೀ ಇಟ್ಕೊಳ್ಳುದು, ಮೊಬೈಲ್ ಕಲೆಕ್ಟ್ ಮಾಡುದು, ಅಮ್ಮಂದಿರ ಫೋನ್ ತೆಗಿಯುದು, ಪ್ಯಾಡ್ ತರಿಸುದು. ಈ ಕೆಲಸ ಸಣ್ಣದು ಅಂತ ನಾನು ಹೇಳುದಿಲ್ಲ, ಅದಿಲ್ಲದೆ ಹುಡುಗಿಯರ ಟೀಮ್ ಹೊರಡುದೇ ಇಲ್ಲ. ಆದ್ರೆ ಕಬಡ್ಡಿಯಲ್ಲಿ ಟೈಮ್‌ಔಟ್ ಸಿಕ್ಕಿದಾಗ ಮಕ್ಕಳು ಓಡಿ ಬಂದು ಸುತ್ತ ನಿಲ್ಲುದು ಸರ್ ಹತ್ತಿರ, ಇವಳ ಕೈಯಲ್ಲಿ ನೀರಿನ ಬಾಟ್ಲಿ. ಬಯೋಮೆಕ್ಯಾನಿಕ್ಸ್ ಓದಿ ಫಸ್ಟ್ ಕ್ಲಾಸಲ್ಲಿ ಪಾಸಾದವಳು.

ಆಫಿಶಿಯೇಟಿಂಗ್‌ಗೂ ಹಾಗೇ. ನಮ್ಮ ಕಡೆ ಮಳೆ ನಿಂತ ಮೇಲೆ ಬೇಸಿಗೆ ಮುಗಿಯುವ ತನಕ ಎಲ್ಲಿ ನೋಡಿದ್ರೂ ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್ ಪಂದ್ಯಾಟ. ರೆಫ್ರಿಗಳಿಗೆ ಒಳ್ಳೇ ಅನುಭವ ಸಿಗುದು ಅಲ್ಲೇ, ನಾಲ್ಕು ಕಾಸೂ ಸಿಗ್ತದೆ. ಫೈನಲ್ ಮುಗಿಯುವಾಗ ರಾತ್ರಿ ಎರಡು ಗಂಟೆ. ಹುಡುಗ ಬೈಕಲ್ಲಿ ಹೋಗ್ತಾನೆ. ಇವಳು ಹೇಗೆ ಹೋಗುದು? ಹಾಗಾಗಿ ಇವಳನ್ನು ಕರೆಯುದೇ ಇಲ್ಲ, ಕರೆಯದಿದ್ರೆ ಅನುಭವ ಇಲ್ಲ, ಅನುಭವ ಇಲ್ಲದಿದ್ರೆ ಮೇಲಿನ ಗ್ರೇಡಿನ ಪರೀಕ್ಷೆಗೆ ಧೈರ್ಯ ಬರುದಿಲ್ಲ. 2019ರಲ್ಲಿ ನಮ್ಮ ಜಿ.ಎಸ್. ಲಕ್ಷ್ಮಿ ಐಸಿಸಿಯ ಮ್ಯಾಚ್ ರೆಫ್ರಿ ಪ್ಯಾನೆಲ್ಲಿಗೆ ಹೋದ ಮೊದಲ ಹೆಂಗಸು, 2022ರ ಕತಾರ್ ವರ್ಲ್ಡ್ ಕಪ್‌ನಲ್ಲಿ ಸ್ಟೆಫನಿ ಫ್ರಾಪಾರ್ ಜರ್ಮನಿ-ಕೋಸ್ಟರಿಕಾ ಗಂಡಸರ ಮ್ಯಾಚಿಗೆ ವಿಸಿಲ್ ಊದಿದ್ರು. ಕತಾರಿನಲ್ಲಿ ಆದದ್ದು ನಮ್ಮ ಗದ್ದೆಯಲ್ಲಿ ಯಾಕೆ ಆಗುದಿಲ್ಲ ಅಂದ್ರೆ, ಪಂದ್ಯಾಟ ಮಾಡುವ ಕ್ಲಬ್ಬಿನವರು ಒಂದು ಕಾರ್ ಬುಕ್ ಮಾಡ್ಬೇಕು, ಅಷ್ಟೇ ವಿಷಯ. ಅತಿಥಿಗಳನ್ನು ಮನೆವರೆಗೆ ಬಿಡ್ಲಿಕ್ಕೆ ಕಾರ್ ಉಂಟಲ್ಲ, ಶಾಲು ಹೊದ್ಕೊಂಡು ಐದು ನಿಮಿಷ ಕೂತು ಹೋಗುವವರಿಗೆ.

ಇಲ್ಲಿಗೆ ನನ್ನ ಮಾತು ನಿಲ್ಲಿಸಿದೆ, ಆಮೇಲೆ ಪ್ರಶ್ನೆಗಳು ಬಂದ್ವು. ಹೆಚ್ಚಿನವು ಸಂಬಳದ ಬಗ್ಗೆ. ಡಿಗ್ರಿ ಕಾಲೇಜಿನಲ್ಲಿ ಫಿಸಿಕಲ್ ಡೈರೆಕ್ಟರ್ ಆಗ್ಬೇಕಾದ್ರೆ ಎಂ.ಪಿ.ಎಡ್ ಜೊತೆ ನೆಟ್ ಅಥವಾ ಕೆ-ಸೆಟ್ ಬೇಕು, ಅದನ್ನು ಓದುವಾಗಲೇ ಬರೆದು ಮುಗಿಸಿ, ಮದುವೆ ಆಗಿ ಮಗು ಆದ ಮೇಲೆ ಕೂತು ಓದ್ತೇನೆ ಅಂತ ಇಟ್ಕೊಳ್ಬೇಡಿ ಅಂತ ಹೇಳಿದೆ. ಒಬ್ರು ತಂದೆ, ಕಾಪು ಕಡೆಯವರು, ಎದ್ದು ನಿಂತು "ಮೇಡಂ, ನನ್ನ ಮಗಳಿಗೆ ಬಿ.ಪಿ.ಎಡ್ ಮಾಡ್ಬೇಕಂತೆ, ಕಾಲೇಜ್ ನೋಡ್ಲಿಕ್ಕೆ ಹೋಗುವಾಗ ಎಂತ ಕೇಳ್ಬೇಕು" ಅಂದ್ರು. ಪಿನ್ ಪಾಯಿಂಟ್ ಪ್ರಶ್ನೆ, ಇಡೀ ದಿನದಲ್ಲಿ ನಂಗೆ ಇಷ್ಟ ಆದದ್ದು ಅದು.

ನಾನು ಹೇಳಿದ್ದು: ಅಣ್ಣ, ಮೊದಲು ಎನ್‌ಸಿಟಿಇ ಮಾನ್ಯತೆ ಉಂಟಾ ನೋಡಿ, ಕಾಗದ ಕೇಳಿ, ಬಾಯಿ ಮಾತು ನಂಬ್ಬೇಡಿ. ಡಿಪಾರ್ಟ್‌ಮೆಂಟಲ್ಲಿ ಪರ್ಮನೆಂಟ್ ಲೇಡಿ ಸ್ಟಾಫ್ ಎಷ್ಟು ಜನ, ಅವರಿಗೆ ಯಾವ ಟೀಮಿನ ಚಾರ್ಜ್ ಕೊಟ್ಟಿದ್ದಾರೆ ಅಂತ ಕೇಳಿ, ಬರೀ ಥ್ರೋಬಾಲ್ ಅಂದ್ರೆ ಅರ್ಥ ಮಾಡ್ಕೊಳ್ಳಿ. ಹೋದ ವರ್ಷ ಪಾಸಾದ ಹುಡುಗಿಯರು ಎಲ್ಲೆಲ್ಲಿದ್ದಾರೆ ಕೇಳಿ, ಇಬ್ಬರ ನಂಬರ್ ತಗೊಳ್ಳಿ, ಮಗಳೇ ಮಾತಾಡ್ಲಿ, ನೀವು ಮಾತಾಡುದಲ್ಲ. ಮತ್ತೆ ಅಡ್ಮಿಷನ್ ದಿನ ಹೋಗ್ಬೇಡಿ, ಅವತ್ತು ಎಲ್ಲ ಗುಡಿಸಿ ಇಟ್ಟಿರ್ತಾರೆ. ಒಂದು ಮಾಮೂಲಿ ಮಂಗಳವಾರ ಬೆಳಿಗ್ಗೆ ಆರೂವರೆಗೆ ಹೇಳದೆ ಹೋಗಿ, ಗ್ರೌಂಡ್ ಹತ್ತಿರದ ಟಾಯ್ಲೆಟ್ ತೆರೆದಿದೆಯಾ ನೋಡಿ. ಅವರು ಕೇಳಿದ್ರು, "ಬೀಗ ಹಾಕಿದ್ರೆ?" ಕೀ ಯಾರ ಹತ್ತಿರ ಉಂಟು ಅಂತ ಅಲ್ಲಿರುವ ಹುಡುಗಿಯರನ್ನೇ ಕೇಳಿ ಅಂದೆ, ಗೊತ್ತಿಲ್ಲ ಅಂದ್ರೆ ಬೇರೆ ಕಾಲೇಜ್ ನೋಡಿ.